ನೀರು, ಕಲ್ಲು, ಗಿಡ: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್‌ನಲ್ಲಿ ಏನು ಓದುತ್ತಾರೆ?

ನಾರ್ವೆಯ ರಾಜಧಾನಿ ಓಸ್ಲೋದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಓಸ್ ಎಂಬ ಸಣ್ಣ ಊರು ಸಿಗುತ್ತದೆ. 1859ರಲ್ಲಿ ಅಲ್ಲಿ ಒಂದು ಕೃಷಿ ಶಾಲೆ ಶುರುವಾಯಿತು. 1919ರಲ್ಲಿ ಅದೇ ಶಾಲೆ ಉದ್ಯಾನ ವಿನ್ಯಾಸ ಕಲಿಸಲು ತೊಡಗಿತು. ಇವತ್ತು ಅದು ನಾರ್ವೇಜಿಯನ್ ಯೂನಿವರ್ಸಿಟಿ ಆಫ್ ಲೈಫ್ ಸೈನ್ಸಸ್. ಅಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಒಂದಿದೆ. ಹೆಸರು ‘ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಫಾರ್ ಗ್ಲೋಬಲ್ ಸಸ್ಟೈನಬಿಲಿಟಿ’.

ಹೆಸರು ಸ್ವಲ್ಪ ಜಾಸ್ತಿಯೇ ದೊಡ್ಡದಾಯಿತು ಅನಿಸುತ್ತದೆ, ಅಲ್ವಾ? ಪಾರ್ಕಿನ ನಕ್ಷೆ ಬರೆಯುವವರು ಇಡೀ ಭೂಮಿಯ ಚಿಂತೆ ಯಾಕೆ ಮಾಡಬೇಕು? ನಮ್ಮಲ್ಲಿ ಲ್ಯಾಂಡ್‌ಸ್ಕೇಪ್ ಅಂದ ಕೂಡಲೇ ಅಪಾರ್ಟ್‌ಮೆಂಟ್ ಮುಂದಿನ ಹುಲ್ಲುಹಾಸು, ಸಾಲಾಗಿ ನಿಂತ ಪಾಮ್ ಗಿಡ, ಮಧ್ಯೆ ಒಂದು ಕಾರಂಜಿ ನೆನಪಾಗುತ್ತವೆ. ಕಟ್ಟಡ ಮುಗಿದ ಮೇಲೆ ಉಳಿದ ಜಾಗದಲ್ಲಿ, ಉಳಿದ ದುಡ್ಡಿನಲ್ಲಿ ಮಾಡುವ ಅಲಂಕಾರ. ಓದು ಅಲ್ಲಿಂದ ಶುರುವಾಗುವುದಿಲ್ಲ. ಬಹುಪಾಲು ಕಡೆ ಅದು ಶುರುವಾಗುವುದು ನೀರಿನಿಂದ. ಹಾಗಾಗಿ ಮೊದಲು ಒಂದು ನದಿಯ ಕಥೆ.

ಸಿಂಗಪುರದಲ್ಲಿ ಕಲ್ಲಾಂಗ್ ಎಂಬ ನದಿ ಇದೆ. ಪ್ರವಾಹದ ಕಾಟ ತಪ್ಪಿಸಲು ಕಳೆದ ಶತಮಾನದಲ್ಲಿ ಅದರ ಒಂದು ಭಾಗವನ್ನು ನೇರ ಮಾಡಿ, ತಳಕ್ಕೂ ಬದಿಗೂ ಕಾಂಕ್ರೀಟ್ ಹಾಕಿದ್ದರು. ಮಳೆ ಸುರಿದ ಕೂಡಲೇ ನೀರು ಊರು ಬಿಟ್ಟು ಓಡಬೇಕು, ಅಷ್ಟೇ ಉದ್ದೇಶ. ಪಕ್ಕದಲ್ಲೇ ಬಿಶಾನ್ ಪಾರ್ಕ್. ಆದರೆ ಪಾರ್ಕಿಗೆ ಬಂದವರಿಗೆ ಕಾಣುತ್ತಿದ್ದುದು ನದಿಯಲ್ಲ, ಒಂದು ದೊಡ್ಡ ಚರಂಡಿ. 2006ರಲ್ಲಿ ಅಲ್ಲಿನ ನೀರಿನ ಸಂಸ್ಥೆ ಇಂಥ ಕಾಲುವೆಗಳನ್ನು ಮತ್ತೆ ಜನರ ಹತ್ತಿರ ತರುವ ಯೋಜನೆ ಶುರುಮಾಡಿತು. ಹಳತಾದ ಕಾಲುವೆಗೊಂದು ರಿಪೇರಿ, ಹಳತಾದ ಪಾರ್ಕಿಗೊಂದು ರಿಪೇರಿ ಮಾಡುವ ಬದಲು ಎರಡನ್ನೂ ಸೇರಿಸಿಬಿಟ್ಟರು. 2012ರಲ್ಲಿ ಕೆಲಸ ಮುಗಿದಾಗ 2.7 ಕಿಲೋಮೀಟರ್ ನೇರ ಕಾಲುವೆ ಹೋಗಿ, ಅದರ ಜಾಗದಲ್ಲಿ ಸುಮಾರು 3.2 ಕಿಲೋಮೀಟರ್ ಉದ್ದದ ಅಂಕುಡೊಂಕು ನದಿ ಬಂದಿತ್ತು. ಸುತ್ತ 62 ಹೆಕ್ಟೇರ್ ಪಾರ್ಕ್.

ನೋಡಲು ಚೆಂದವಿದೆ. ಆದರೆ ಅದರ ಹಿಂದಿನ ಲೆಕ್ಕ ಇನ್ನೂ ಚೆಂದ. ಪ್ರವಾಹದ ಹಾನಿಗೆ ಒಟ್ಟು ಎಷ್ಟು ನೀರು ಬಂತು ಅನ್ನುವುದೊಂದೇ ಕಾರಣವಲ್ಲ. ಎಲ್ಲ ನೀರೂ ಒಂದೇ ಹೊತ್ತಿಗೆ ಬಂತಾ ಅನ್ನುವುದು ಬಹಳ ಮುಖ್ಯ. ನುಣುಪಾದ ಕಾಂಕ್ರೀಟಿನ ಮೇಲೆ ನೀರು ರಭಸವಾಗಿ ಓಡುತ್ತದೆ. ಮೇಲಿನ ಹತ್ತು ಬಡಾವಣೆಗಳ ನೀರು ಕೆಳಗಿನ ಒಂದು ಬಡಾವಣೆಯಲ್ಲಿ ಒಟ್ಟಿಗೇ ಬಂದು ಸೇರುತ್ತದೆ. ತಿರುವು, ಕಲ್ಲು, ಹುಲ್ಲು, ಬೇರು ಇದ್ದರೆ ನೀರಿನ ವೇಗ ತಗ್ಗುತ್ತದೆ. ನದಿಯ ಅಕ್ಕಪಕ್ಕ ಅಗಲವಾದ ತಗ್ಗು ಜಾಗ ಬಿಟ್ಟರೆ ಹೆಚ್ಚಾದ ನೀರು ಅಲ್ಲಿ ಕೆಲವು ಗಂಟೆ ನಿಂತು ನಿಧಾನಕ್ಕೆ ಇಳಿಯುತ್ತದೆ. ಬಿಶಾನ್‌ನಲ್ಲಿ ಆ ತಗ್ಗು ಜಾಗವೇ ಪಾರ್ಕ್. ಬಿಸಿಲಿದ್ದಾಗ ಮಕ್ಕಳು ಆಡುತ್ತಾರೆ, ಜೋರು ಮಳೆ ಬಂದಾಗ ನದಿ ಬಂದು ಕೂರುತ್ತದೆ.

ಈಗ ಇದನ್ನು ಮಾಡಿದವರಿಗೆ ಏನೇನು ಗೊತ್ತಿರಬೇಕಿತ್ತು ಅಂತ ಯೋಚಿಸಿ. ಎಷ್ಟು ಮಳೆಗೆ ಎಷ್ಟು ನೀರು ಬರುತ್ತದೆ. ಕಾಂಕ್ರೀಟ್ ತೆಗೆದ ಮೇಲೆ ದಡ ಕುಸಿಯದ ಹಾಗೆ ಹಿಡಿದಿಡುವ ಬೇರು ಯಾವ ಗಿಡದ್ದು. ನೀರು ಏರುವ ಮುಂಚೆ ಜನರನ್ನು ಎಚ್ಚರಿಸುವುದು ಹೇಗೆ. ಒಡೆದ ಕಾಂಕ್ರೀಟನ್ನು ಎಲ್ಲಿ ಹಾಕುವುದು. ಉಷ್ಣವಲಯದ ಮಳೆಯಲ್ಲಿ ಗಿಡ ಮತ್ತು ಕಲ್ಲು ಸೇರಿಸಿ ದಡ ಕಟ್ಟಿದ ಅನುಭವ ಅಲ್ಲಿ ಯಾರಿಗೂ ಹೆಚ್ಚು ಇರಲಿಲ್ಲ. ಹಾಗಾಗಿ ಮೊದಲು ಸುಮಾರು 60 ಮೀಟರ್ ಉದ್ದದ ಒಂದು ಚರಂಡಿಯಲ್ಲಿ ಬೇರೆ ಬೇರೆ ವಿಧಾನಗಳನ್ನು ಪ್ರಯೋಗ ಮಾಡಿ ನೋಡಿದರು. ತಡೆದು ನಿಂತವನ್ನು ಮಾತ್ರ ನದಿಗೆ ಬಳಸಿದರು. ಒಡೆದ ಕಾಂಕ್ರೀಟಿನಿಂದ ಪಾರ್ಕಿನೊಳಗೇ ಒಂದು ಗುಡ್ಡ ಮಾಡಿದರು.

ಕೋರ್ಸಿನಲ್ಲಿ ಕಲಿಯುವುದು ಹೆಚ್ಚು ಕಡಿಮೆ ಇದೇ. ಎಂಜಿನಿಯರಿಂಗ್ ಸ್ವಲ್ಪ, ಸಸ್ಯಶಾಸ್ತ್ರ ಸ್ವಲ್ಪ, ಮಣ್ಣು, ಇತಿಹಾಸ, ಕಾನೂನು, ಒಂದಷ್ಟು ಸಮಾಜಶಾಸ್ತ್ರ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಅಂದರೆ ಯಾವುದರಲ್ಲೂ ಪೂರ್ತಿ ಇಲ್ಲ ಅನ್ನುವ ಆಕ್ಷೇಪವೂ ಇದೆ. ಅದರಲ್ಲಿ ಸತ್ಯವಿಲ್ಲದೇ ಇಲ್ಲ. ಆದರೆ ಇವೆಲ್ಲವನ್ನೂ ಒಂದೇ ಜಾಗದ ಮೇಲೆ ತಂದು ಕೂರಿಸುವುದೇ ಒಂದು ಬೇರೆ ಕಸುಬು. ಅದನ್ನು ಕಲಿಸುವ ಜಾಗ ಸ್ಟುಡಿಯೊ. ಒಂದು ಸೆಮಿಸ್ಟರ್‌ಗೆ ಒಂದು ನಿಜವಾದ ಜಾಗ ಕೊಡುತ್ತಾರೆ. ವಿದ್ಯಾರ್ಥಿಗಳು ಅಲ್ಲಿ ನಡೆದಾಡಿ, ಅಳೆದು, ಜನರ ಜೊತೆ ಮಾತಾಡಿ, ನಕ್ಷೆ ಬರೆದು, ಕೊನೆಗೆ ಎಲ್ಲರ ಮುಂದೆ ಗೋಡೆಗೆ ಅಂಟಿಸಿ ಬೈಸಿಕೊಳ್ಳುತ್ತಾರೆ. ಆರ್ಕಿಟೆಕ್ಚರ್ ಓದಿದವರಿಗೆ ಆ ಜ್ಯೂರಿಯ ರುಚಿ ಗೊತ್ತಿರುತ್ತದೆ.

ನಕ್ಷೆ ಓದುವ ವಿಧಾನಕ್ಕೆ ಒಂದು ಮುಖ್ಯ ಹೆಸರಿದೆ: ಇಯಾನ್ ಮ್ಯಾಕ್‌ಹಾರ್ಗ್. ಸ್ಕಾಟ್ಲೆಂಡಿನವರು, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. 1960ರ ದಶಕದಲ್ಲಿ ಅವರು ಒಂದು ಸರಳ ವಿಧಾನ ಬೆಳೆಸಿದರು. ಹೊಸ ಹೆದ್ದಾರಿ ಎಲ್ಲಿ ಹಾಯಬೇಕು ಅನ್ನುವ ಪ್ರಶ್ನೆ ಇದೆ ಅಂದುಕೊಳ್ಳಿ. ಇಳಿಜಾರಿಗೆ ಒಂದು ಪಾರದರ್ಶಕ ಹಾಳೆ, ಮಣ್ಣಿಗೆ ಒಂದು, ಕಾಡಿಗೆ ಒಂದು, ನೀರಿಗೆ ಒಂದು, ಹಳೆಯ ಕಟ್ಟಡಗಳಿಗೆ ಒಂದು. ಎಲ್ಲಿ ಕೈ ಹಾಕಿದರೆ ಹೆಚ್ಚು ಹಾನಿಯೋ ಅಲ್ಲಿ ಗಾಢ ಬಣ್ಣ. ಎಲ್ಲ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಕೆಲವು ಜಾಗ ಕಪ್ಪಾಗುತ್ತವೆ, ಕೆಲವು ತಿಳಿಯಾಗಿ ಉಳಿಯುತ್ತವೆ. ರಸ್ತೆ ಹೋಗಬೇಕಾದ್ದು ತಿಳಿಯಾಗಿ ಉಳಿದ ಪಟ್ಟಿಯಲ್ಲಿ. ಇವತ್ತು ಕಂಪ್ಯೂಟರಿನಲ್ಲಿ ಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ಮಾಡುವ ಕೆಲಸದ ಹಿಂದೆ ಇದೇ ಯೋಚನೆ ಇದೆ. ಈ ಓದಿಗೆ ಬಂದವರು ಮೊದಲು ಕೈ ಹಾಕುವ ಸಾಫ್ಟ್‌ವೇರೂ ಬಹುಶಃ ಅದೇ.

ಈ ವಿಧಾನದ ತೊಂದರೆ ಏನೆಂದರೆ, ಹಾಳೆಯ ಮೇಲೆ ಬರದ ವಿಷಯ ಲೆಕ್ಕಕ್ಕೇ ಬರುವುದಿಲ್ಲ. ಕುರಿ ಹೊಡೆದುಕೊಂಡು ಹೋಗುವ ದಾರಿ, ಜಾತ್ರೆಯ ನಾಲ್ಕು ದಿನ ಮಾತ್ರ ತುಂಬುವ ಬಯಲು, ಸೌದೆಗೆ ಹೋಗುವವರ ಕಾಲುದಾರಿ ಇವಕ್ಕೆಲ್ಲ ಯಾವ ಹಾಳೆ? ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಕ್ಷೆಯ ಗೆರೆಯನ್ನೇ ಪ್ರಶ್ನಿಸಿದವರು ಅನುರಾಧಾ ಮಾಥುರ್ ಮತ್ತು ದಿಲೀಪ್ ಡ ಕುನ್ಹಾ. ನದಿಗೆ ಎರಡು ಗೆರೆ ಎಳೆದು ಇದು ನೀರು, ಇದು ನೆಲ ಅನ್ನುತ್ತೇವೆ. ಆ ಗೆರೆ ಯಾವ ತಿಂಗಳದ್ದು? ಜೇಷ್ಠದ ನದಿಯೂ ಶ್ರಾವಣದ ನದಿಯೂ ಒಂದೇ ಅಗಲ ಇರುತ್ತವಾ? ಮಾಥುರ್ ಪಾಠ ಮಾಡಿದ್ದೂ ಮ್ಯಾಕ್‌ಹಾರ್ಗ್ ಇದ್ದ ಅದೇ ವಿಶ್ವವಿದ್ಯಾಲಯದಲ್ಲಿ. ಇಬ್ಬರೂ ಸೇರಿ ಮುಂಬೈ, ಮಿಸಿಸಿಪ್ಪಿಯ ಜೊತೆಗೆ ಬೆಂಗಳೂರಿನ ನೆಲವನ್ನೂ, ಬ್ರಿಟಿಷರ ಕಾಲದಿಂದ ಅದನ್ನು ಅಳೆದ, ಚಿತ್ರಿಸಿದ ರೀತಿಗಳನ್ನೂ ಆಳವಾಗಿ ಅಧ್ಯಯನ ಮಾಡಿದ್ದಾರೆ. ಮಳೆಗಾಲ ನೋಡಿ ಬೆಳೆದ ವಿದ್ಯಾರ್ಥಿಗೆ ಈ ಪ್ರಶ್ನೆ ತಕ್ಷಣ ಅರ್ಥವಾಗುತ್ತದೆ.

ಯುರೋಪಿನಲ್ಲಿ ಜನರ ಕಣ್ಣಿಗೆ ಕಾನೂನಿನಲ್ಲೇ ಜಾಗ ಕೊಟ್ಟಿದ್ದಾರೆ. 2000ದಲ್ಲಿ ಫ್ಲಾರೆನ್ಸ್‌ನಲ್ಲಿ ಸಹಿ ಆದ ಒಪ್ಪಂದವೊಂದು, ಜನ ಒಂದು ಪ್ರದೇಶವನ್ನು ಹೇಗೆ ಕಾಣುತ್ತಾರೆ ಅನ್ನುವುದೂ ಆ ಪ್ರದೇಶದ ಭಾಗವೇ ಅನ್ನುತ್ತದೆ. ಅದಕ್ಕೆ ಸುಂದರ ತಾಣವೂ ಒಂದೇ, ಹಾಳುಬಿದ್ದ ಕಾರ್ಖಾನೆ ಬಯಲೂ ಒಂದೇ. ನಾರ್ವೆ ಇದನ್ನು ಬೇಗನೆ ಒಪ್ಪಿಕೊಂಡ ದೇಶ. ಓಸ್‌ನಂಥ ಕಡೆ ಓದುವವರಿಗೆ ಇದು ನಿತ್ಯದ ಪಾಠ.

ಸರಿ, ‘ಗ್ಲೋಬಲ್’ ಎಲ್ಲಿ ಬಂತು? ಒಂದು ಊರಿನ ಉತ್ತರವನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗುವಾಗ ಬರುತ್ತದೆ. ತೊಂದರೆ ಬರುವುದೂ ಅಲ್ಲೇ.

ಚೀನಾದ ‘ಸ್ಪಂಜ್ ಸಿಟಿ’ಯ ಹೆಸರು ಕೇಳಿರುತ್ತೀರಿ. ಇದರ ಹಿಂದಿನ ದೊಡ್ಡ ಹೆಸರು ಯು ಕೊಂಗ್‌ಜಿಯನ್. ಹಳ್ಳಿಯಲ್ಲಿ ಬೆಳೆದು, ಹಾರ್ವರ್ಡ್‌ನಲ್ಲಿ ಓದಿ, ಬೀಜಿಂಗಿಗೆ ಮರಳಿ 1998ರಲ್ಲಿ ಟುರೆನ್‌ಸ್ಕೇಪ್ ಸಂಸ್ಥೆ ಕಟ್ಟಿದವರು. ಹಳ್ಳಿಯ ಕೊಳ, ಗದ್ದೆ, ಬದು ನೀರನ್ನು ಹಿಡಿದಿಡುವ ರೀತಿಯೇ ನಗರಕ್ಕೂ ಬೇಕು ಅನ್ನುವುದು ಅವರ ವಾದ. ಪೈಪು ಹಾಕಿ ನೀರನ್ನು ಓಡಿಸಬೇಡಿ, ಬಿದ್ದಲ್ಲೇ ಇಂಗಿಸಿ, ನಿಧಾನ ಮಾಡಿ ಅಂತ ವರ್ಷಗಟ್ಟಲೆ ಹೇಳಿದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ. 2012ರ ಜುಲೈ 21ರಂದು ಬೀಜಿಂಗಿನಲ್ಲಿ ಒಂದೇ ದಿನದ ಮಳೆಗೆ 79 ಜನ ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತಿತು. 2015ರಲ್ಲಿ 16 ನಗರಗಳಲ್ಲಿ ಪ್ರಾಯೋಗಿಕವಾಗಿ ಸ್ಪಂಜ್ ಸಿಟಿ ಯೋಜನೆ ಶುರುವಾಯಿತು. ಹಾರ್ಬಿನ್‌ನ ಚುನ್‌ಲಿ ಪಾರ್ಕಿನಲ್ಲಿ ಸುಮಾರು 34 ಹೆಕ್ಟೇರ್ ಜೌಗು ನೆಲವನ್ನು ಹೊಸ ಬಡಾವಣೆಯ ಮಳೆನೀರು ಇಳಿಯುವ ಜಾಗವಾಗಿ ಉಳಿಸಿಕೊಂಡಿದ್ದು ಅದಕ್ಕೂ ಮುಂಚಿನ ಅವರ ಕೆಲಸ. 2025ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ಪಂತನಾಲ್ ಜೌಗು ಪ್ರದೇಶದಲ್ಲಿ ನಡೆದ ಸಣ್ಣ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ನಿಲ್ಲಿಸಬಾರದು. 2021ರ ಜುಲೈ 20ರಂದು ಚೀನಾದ ಝೆಂಗ್‌ಝೌ ನಗರದಲ್ಲಿ ಒಂದೇ ಗಂಟೆಗೆ 201.9 ಮಿಲಿಮೀಟರ್ ಮಳೆ ಸುರಿಯಿತು. ಸುರಂಗ ರಸ್ತೆ, ಮೆಟ್ರೊ ಎಲ್ಲ ಮುಳುಗಿ ನೂರಾರು ಜನ ಸತ್ತರು. ಆ ನಗರದಲ್ಲೂ ಸ್ಪಂಜ್ ಸಿಟಿಗೆಂದು ಸಾಕಷ್ಟು ದುಡ್ಡು ಖರ್ಚಾಗಿತ್ತು. ಹಾಗಾದರೆ ಸ್ಪಂಜ್ ಸುಳ್ಳಾ? ಸುಳ್ಳಲ್ಲ. ಮಣ್ಣಿಗೆ ಒಂದು ಗಂಟೆಯಲ್ಲಿ ಇಷ್ಟೇ ನೀರು ಕುಡಿಯುವ ಶಕ್ತಿ ಅಂತ ಇರುತ್ತದೆ. ಅದು ತುಂಬಿದ ಮೇಲೆ ಹುಲ್ಲೂ ಕಾಂಕ್ರೀಟೂ ಹೆಚ್ಚು ಕಡಿಮೆ ಒಂದೇ. ಅಂಥ ಮಳೆಗೆ ಬೇರೆ ತಯಾರಿ ಬೇಕು: ನೀರು ಹೋಗಲು ದೊಡ್ಡ ದಾರಿ, ಮುನ್ಸೂಚನೆ, ಮೆಟ್ರೊ ನಿಲ್ಲಿಸುವ ಧೈರ್ಯ. ಹೀಗೆ ಒಂದು ವಿನ್ಯಾಸ ಎಷ್ಟು ಮಳೆಯವರೆಗೆ ಕೆಲಸ ಮಾಡುತ್ತದೆ, ಆಮೇಲೆ ಏನಾಗುತ್ತದೆ ಎಂದು ಕೇಳುವ ಅಭ್ಯಾಸವೇ ಈ ಓದಿನಲ್ಲಿ ಸಿಗುವ ಬೆಲೆಬಾಳುವ ಸಂಗತಿ ಅಂತ ನನಗನಿಸುತ್ತದೆ. ಕೋಪನ್‌ಹೇಗನ್‌ನವರು ಅದನ್ನು ಕಷ್ಟಪಟ್ಟೇ ಕಲಿತರು. 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿಲಿಮೀಟರ್ ಮಳೆಯಾಗಿ ಊರು ಮುಳುಗಿತು. ಮರುವರ್ಷ ಬಂದ ಯೋಜನೆಯಲ್ಲಿ ಪಾರ್ಕುಗಳಿಗೆ ನೀರು ಹಿಡಿಯುವ ಕೆಲಸ ಕೊಟ್ಟರು. ಜೊತೆಗೆ ಕೆಲವು ರಸ್ತೆಗಳನ್ನು ಜೋರು ಮಳೆಯ ದಿನ ಕಾಲುವೆಯಾಗಲೆಂದೇ ರೂಪಿಸಿದರು.

ಇನ್ನೊಂದು ಉದಾಹರಣೆ ದಕ್ಷಿಣ ಕೊರಿಯಾದ ಸಿಯೋಲ್ ನಗರದ ಚಿಯಾಂಗ್‌ಗೆಚಾನ್ ತೊರೆ. ಮೇಲ್ಸೇತುವೆ ಹೆದ್ದಾರಿ ಒಡೆದು, ಅದರ ಕೆಳಗೆ ಮುಚ್ಚಿಹೋಗಿದ್ದ 5.8 ಕಿಲೋಮೀಟರ್ ತೊರೆಯನ್ನು 2005ರಲ್ಲಿ ಮತ್ತೆ ಬಯಲಿಗೆ ತಂದರು. ಜಗತ್ತಿನಾದ್ಯಂತ ಸ್ಲೈಡ್‌ಗಳಲ್ಲಿ ತೋರಿಸುವ ಚಿತ್ರ ಅದು. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಪಂಪ್ ಮಾಡಿ ತಂದದ್ದು, ದಿನಕ್ಕೆ ಸುಮಾರು 1,20,000 ಟನ್. ವಿದ್ಯುತ್ ನಿಂತರೆ ತೊರೆಯೂ ನಿಲ್ಲುತ್ತದೆ. ಅದು ಕೆಟ್ಟ ಕೆಲಸ ಅಂತಲ್ಲ. ಊರಿನ ಮಧ್ಯದ ಬಿಸಿ ಇಳಿದಿದೆ, ಜನ ನಡೆದಾಡುತ್ತಾರೆ. ಅದನ್ನು ಸುಮ್ನೆ ‘ನದಿ ಮರಳಿ ಬಂತು’ ಅನ್ನಬಾರದು, ಅಷ್ಟೇ.

ನೀರಿನ ಕಥೆ ಎಲ್ಲರಿಗೂ ಕಾಣುತ್ತದೆ. ಕಲ್ಲಿನ ಕಥೆ ಕಾಣುವುದಿಲ್ಲ. ಬ್ರಿಟನ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ನ ಎಷ್ಟೋ ಚೌಕಗಳಿಗೆ, ಮನೆಯಂಗಳಗಳಿಗೆ ಹಾಸಿದ ಮರಳುಗಲ್ಲು ರಾಜಸ್ಥಾನದ ಗಣಿಗಳಿಂದ ಹೋದದ್ದು. ಅಲ್ಲಿ ಬುಧಪುರದಂಥ ಕಡೆ ಮನೆಮಂದಿಯೆಲ್ಲ, ಮಕ್ಕಳೂ ಸೇರಿ, ಕಲ್ಲಿನ ತುಂಡು ಕೆತ್ತುತ್ತಿದ್ದುದು ಹಲವು ವರದಿಗಳಲ್ಲಿ ಬಂದಿದೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್‌ಗೆ ಮದ್ದಿಲ್ಲ. ಯುರೋಪಿನ ಡಿಸೈನರ್ ಒಬ್ಬರು ಹಾಳೆಯ ಮೇಲೆ ‘ಬೂದು ಮರಳುಗಲ್ಲು, 10 ಸೆಂಟಿಮೀಟರ್’ ಎಂದು ಬರೆದರೆ ಸಾಕು, ಬುಧಪುರ ಇರುವ ಹಾಡೋತಿ ಸೀಮೆಯ ಒಂದು ಅಂಗಳದಲ್ಲಿ ಸುತ್ತಿಗೆ ಏಳುತ್ತದೆ. ಕರ್ನಾಟಕದ ಗ್ರಾನೈಟ್ ಕೂಡ ಹೀಗೇ ಹಡಗು ಹತ್ತುತ್ತದೆ. ‘ಗ್ಲೋಬಲ್’ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಅರ್ಥ ನನಗೆ ಗೊತ್ತಿಲ್ಲ.

ಕಾರ್ಬನ್ ಲೆಕ್ಕವೂ ಇದಕ್ಕೇ ಸೇರಿದ್ದು. ಪಾರ್ಕ್ ಅಂದಮೇಲೆ ಪರಿಸರಕ್ಕೆ ಒಳ್ಳೆಯದೇ ಇರಬೇಕು ಅಂತ ನಾವು ನಂಬಿಬಿಡುತ್ತೇವೆ. ಪ್ರಪಂಚದಲ್ಲಿ ಮನುಷ್ಯರು ಹೊರಬಿಡುವ ಒಟ್ಟು ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8 ಶೇಕಡಾ ಸಿಮೆಂಟಿನದು. ಕಾಂಕ್ರೀಟ್ ತುಂಬಿದ ಚೌಕದಲ್ಲಿ ನಾಲ್ಕು ಗಿಡ ನೆಟ್ಟರೆ ಆ ಸಾಲ ತೀರಲು ದಶಕಗಳೇ ಬೇಕಾಗಬಹುದು. ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಪಮೇಲಾ ಕಾನ್ರಾಡ್ 2019ರಲ್ಲಿ ‘ಪಾಥ್‌ಫೈಂಡರ್’ ಎಂಬ ಉಚಿತ ಲೆಕ್ಕದ ಸಾಧನ ಹೊರತಂದರು. ಬಳಸುವ ಸಾಮಗ್ರಿ, ನೆಡುವ ಗಿಡ, ಹುಲ್ಲು ಕತ್ತರಿಸುವ ಖರ್ಚು ಎಲ್ಲ ತುಂಬಿದರೆ ಎಷ್ಟು ವರ್ಷಕ್ಕೆ ಸಾಲ ತೀರುತ್ತದೆ ಅಂತ ತೋರಿಸುತ್ತದೆ. ಪಾರ್ಕಿಗೆ 5 ವರ್ಷ, ಕಲ್ಲುಹಾಸಿನ ಚೌಕಕ್ಕೆ 20 ವರ್ಷ ಅನ್ನುವುದು ಅದರ ಗುರಿ. ವಿದ್ಯಾರ್ಥಿಗಳು ತಮ್ಮದೇ ಡಿಸೈನ್ ಹಾಕಿ ನೋಡಿದಾಗ ಬೆಚ್ಚಿಬೀಳುವುದು ಹೆಚ್ಚಾಗಿ ಇಲ್ಲೇ.

ಗಿಡದ ವಿಷಯಕ್ಕೆ ಬಂದರೆ ‘ದೇಶಿ ಗಿಡ ಒಳ್ಳೆಯದು, ವಿದೇಶಿ ಕೆಟ್ಟದ್ದು’ ಅನ್ನುವ ಸುಲಭ ಸೂತ್ರ ಬಹಳ ದೂರ ಬರುವುದಿಲ್ಲ. ಬೆಂಗಳೂರಿನ ರಸ್ತೆಗಳನ್ನೇ ನೋಡಿ. ಮಳೆಮರ, ಜಕರಂಡ, ಟಬೂಬಿಯಾ ಅಮೆರಿಕ ಖಂಡಗಳವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಮೂಲಕ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಅವರ ಕೈವಾಡ ಇದರಲ್ಲಿ ದೊಡ್ಡದು. ಒಂದಾದ ಮೇಲೊಂದು ಹೂಬಿಡುವ ಮರಗಳನ್ನು ಊರಿಗೆ ಕೊಟ್ಟವರು ಅಂತ ಅವರನ್ನು ನೆನೆಯುತ್ತಾರೆ. ಆ ಮರಗಳು ನೆರಳು ಕೊಟ್ಟವು, ಕಾಡಿಗೆ ನುಗ್ಗಲಿಲ್ಲ. ಅದೇ ಅಮೆರಿಕದಿಂದ, ಅದೇ ಅಲಂಕಾರಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ನೆಲವನ್ನೇ ಹೊದ್ದು ಕೂತಿದೆ. ಎರಡೂ ವಿದೇಶಿ. ವ್ಯತ್ಯಾಸ ಇರುವುದು ಬೀಜ ಹೇಗೆ ಹರಡುತ್ತದೆ, ಹಕ್ಕಿ ತಿನ್ನುತ್ತದಾ, ಬೆಂಕಿ ಬಿದ್ದ ಮೇಲೆ ಮತ್ತೆ ಚಿಗುರುತ್ತದಾ ಅನ್ನುವುದರಲ್ಲಿ. ಹಾಗೆಯೇ ಒಂದೇ ಜಾತಿಯ ಮರ ಸಾಲುಗಟ್ಟಿ ನೆಟ್ಟರೆ ಒಂದೇ ರೋಗಕ್ಕೆ ಎಲ್ಲ ಹೋಗುತ್ತವೆ. ಯುರೋಪ್, ಅಮೆರಿಕದ ಎಲ್ಮ್ ಮರಗಳಿಗೆ ಆದದ್ದು ಅದೇ. ಊರಿನ ಮರಗಳಲ್ಲಿ ಒಂದೇ ಜಾತಿ ನೂರಕ್ಕೆ 10ಕ್ಕಿಂತ ಜಾಸ್ತಿ ಇರಬಾರದು ಅನ್ನುವ ಸೂತ್ರ 1990ರಲ್ಲಿ ಬಂದದ್ದು ಆ ಪಾಠದಿಂದ.

ಕನ್ನಡದ ವಿದ್ಯಾರ್ಥಿಯೊಬ್ಬರು ಇಂಥ ಕೋರ್ಸಿಗೆ ಹೋದರೆ ಖಾಲಿ ಕೈಯಲ್ಲಿ ಹೋಗುವುದಿಲ್ಲ. ಕೆರೆ, ಏರಿ, ತೂಬು, ಕೋಡಿ, ಕೋಡಿ ಬಿದ್ದ ನೀರು ಹೋಗಿ ಸೇರುವ ಮುಂದಿನ ಕೆರೆ. ಈ ಸರಪಳಿ ನಮ್ಮ ಕಣ್ಣ ಮುಂದೆಯೇ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ತುಂಬಿ ಹರಿಯುವ ನದಿ ಇಲ್ಲ. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಲ್ಲಿ ಕೆರೆ ಕಟ್ಟಿಯೇ ಊರು ಬದುಕಿತು. ಆದರೆ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಅನ್ನುವ ಹೆಮ್ಮೆಯಲ್ಲಿ ಕೆಲಸ ಮುಗಿಯುವುದಿಲ್ಲ. ಆ ಕೆರೆಗಳು ಗದ್ದೆಗೆ ನೀರು ಬಿಡಲು ಕಟ್ಟಿದವು. ತೂಬು ಎತ್ತುವ ನೀರುಗಂಟಿ ಇದ್ದ, ಹೂಳು ಹೊತ್ತೊಯ್ಯುವ ರೈತರಿದ್ದರು. ಈಗ ಗದ್ದೆ ಇಲ್ಲ, ನೀರುಗಂಟಿ ಇಲ್ಲ, ಮಳೆಗಾಲದ ನೀರಿನ ಬದಲು ವರ್ಷವಿಡೀ ಬರುವ ಕೊಳಚೆ ಇದೆ. ಕೆರೆಯ ಸುತ್ತ ಬೇಲಿ, ಟೈಲ್ಸ್, ವಾಕಿಂಗ್ ಪಾತ್ ಮಾಡಿ ‘ಅಭಿವೃದ್ಧಿ’ ಅನ್ನುತ್ತೇವೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆಗೆ ಇಳಿಯುವ ಏರ್ಪಾಡಿದೆ. ಅದು ಹೊಸ ಕಾಲದ ಕೆರೆ ಹೇಗಿರಬೇಕು ಅನ್ನುವುದಕ್ಕೆ ಒಂದು ನಿಜವಾದ ಪ್ರಯತ್ನ.

ಇದಕ್ಕಿಂತ ದೊಡ್ಡ ಪ್ರಶ್ನೆ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯದು. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್. ವರ್ಷಗಟ್ಟಲೆ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿತು. ಮೂರನೇ ಹಂತದ ಶುದ್ಧೀಕರಣ ಯಾಕಿಲ್ಲ ಎಂಬ ಪ್ರಶ್ನೆಯೂ ಎದ್ದಿತು, ವಿಷಯ ಕೋರ್ಟಿಗೂ ಹೋಯಿತು. ಒಂದು ನಗರದ ಬಚ್ಚಲು ನೀರು ಇನ್ನೊಂದು ಜಿಲ್ಲೆಯ ಅಂತರ್ಜಲ ಆಗುವಾಗ ಆ ದಾರಿಯಲ್ಲಿ ಎಲ್ಲೆಲ್ಲಿ ಜೌಗು ಬೇಕು, ಯಾವ ಬೆಳೆ ಬೆಳೆಯಬಹುದು, ಯಾರು ನಿಗಾ ಇಡಬೇಕು? ಹಾರ್ಬಿನ್, ಕೋಪನ್‌ಹೇಗನ್‌ಗಿಂತ ಒಳ್ಳೆಯ ಪ್ರಬಂಧದ ವಿಷಯ ಇದು.

ಇನ್ನು ಲೋಕದ ವ್ಯವಹಾರ. ಭಾರತದಲ್ಲಿ ಈ ಓದು ಹೆಚ್ಚಾಗಿ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಮುಗಿಸಿದವರಿಗೆ. ದೆಹಲಿ, ಭೋಪಾಲ್, ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳು, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಮುಖ್ಯ ಹೆಸರುಗಳು. ತೋಟಗಾರಿಕೆ ವಿಶ್ವವಿದ್ಯಾಲಯಗಳಲ್ಲೂ ಪುಷ್ಪಕೃಷಿಯ ಜೊತೆ ಲ್ಯಾಂಡ್‌ಸ್ಕೇಪ್ ಸೇರಿಸಿದ ಎಂ.ಎಸ್ಸಿ ಇದೆ. ಅದು ಗಿಡ, ನರ್ಸರಿ, ಹೂವಿನ ಕಡೆ ವಾಲಿದ ಓದು, ಬೇರೆ ದಾರಿ. ಆರ್ಕಿಟೆಕ್ಟ್‌ಗಳಿಗೆ ಇರುವಂಥ ಕಾನೂನುಬದ್ಧ ಕೌನ್ಸಿಲ್ ಲ್ಯಾಂಡ್‌ಸ್ಕೇಪ್‌ನವರಿಗೆ ಇಲ್ಲಿ ಪ್ರತ್ಯೇಕವಾಗಿ ಇಲ್ಲ. 2003ರಲ್ಲಿ ಹುಟ್ಟಿದ ಇಂಡಿಯನ್ ಸೊಸೈಟಿ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ಸ್ ಅವರ ಸಂಘ. ಹಾಗಾಗಿ ವಾಪಸ್ ಬಂದು ಕೆಲಸ ಮಾಡುವ ಯೋಚನೆ ಇದ್ದರೆ ಬಿ.ಆರ್ಕ್ ಕೈಯಲ್ಲಿರುವುದು ಒಳ್ಳೆಯದು.

ಹೊರಗೆ ಹೋಗುವವರು ಫೀಸಿನ ಲೆಕ್ಕ ಮೊದಲೇ ಹಾಕಬೇಕು. ನಾರ್ವೆ ಮೊದಲೆಲ್ಲ ಎಲ್ಲರಿಗೂ ಪುಕ್ಕಟೆ ಕಲಿಸುತ್ತಿತ್ತು. 2023ರಿಂದ ಯುರೋಪಿನ ಹೊರಗಿನವರಿಗೆ ಶುಲ್ಕ ಬಂದಿದೆ. ಹಳೆಯ ವಿಡಿಯೊ ನೋಡಿ ಅರ್ಜಿ ಹಾಕಿ ಆಮೇಲೆ ಕಂಗಾಲಾಗಬೇಡಿ. ಜರ್ಮನಿಯ ಸರ್ಕಾರಿ ಕಾಲೇಜುಗಳಲ್ಲಿ ಬಹುಪಾಲು ಬೋಧನಾ ಶುಲ್ಕ ಇಲ್ಲ. ಆದರೆ ಇಂಥ ಕೋರ್ಸ್ ನಡೆಯುವ ನ್ಯೂರ್ಟಿಂಗೆನ್ ಊರಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯುರೋ ಇದೆ. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್, ಬ್ರಿಟನ್ನಿನ ಶೆಫೀಲ್ಡ್ ಹೆಸರುವಾಸಿ, ದುಬಾರಿ ಕೂಡ.

ಅರ್ಜಿಯಲ್ಲಿ ಅಂಕಪಟ್ಟಿಗಿಂತ ಪೋರ್ಟ್‌ಫೋಲಿಯೊ ಹೆಚ್ಚು ಮಾತಾಡುತ್ತದೆ. ಹೊಳೆಯುವ ತ್ರೀಡಿ ಚಿತ್ರಗಳನ್ನು ಎಲ್ಲರೂ ಕಳಿಸುತ್ತಾರೆ. ನಿಮ್ಮೂರಿನ ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಯವರೆಗೆ ನಡೆಯಿರಿ. ರಾಜಕಾಲುವೆ ಎಲ್ಲಿ ಕಿರಿದಾಗಿದೆ, ಎಲ್ಲಿ ಮಾಯವಾಗಿದೆ, ದಡದಲ್ಲಿ ಏನು ಬೆಳೆದಿದೆ, ಯಾರು ಬಟ್ಟೆ ಒಗೆಯುತ್ತಾರೆ, ಯಾರು ಸೊಪ್ಪು ಕೊಯ್ಯುತ್ತಾರೆ ಅಂತ ಕೈಯಲ್ಲೇ ನಕ್ಷೆ ಬರೆಯಿರಿ. ಬೇಸಿಗೆಯಲ್ಲಿ ಒಮ್ಮೆ, ದೊಡ್ಡ ಮಳೆ ಬಿದ್ದ ಮರುದಿನ ಒಮ್ಮೆ. ಎರಡೂ ನಕ್ಷೆಗಳನ್ನು ಅಕ್ಕಪಕ್ಕದ ಪುಟದಲ್ಲಿ ಹಾಕಿ, ಯಾವ ದಿನಾಂಕದ್ದು ಅಂತ ಕೆಳಗೆ ಬರೆದು ಕಳಿಸಿ.